ಅರ್ಬುದದಿಂದ ಚೇತರಿಸಿಕೊಳ್ಳುವ ನಾಯಿಗೆ ಪಥ್ಯಾಹಾರ

ಔಷಧದಷ್ಟೇ ಪಥ್ಯವೂ ಮುಖ್ಯವೆಂಬುದು ಹಿರಿಯರ ಅನುಭವ. ಈ ಮಾತು ಮನೆಯ ನಾಯಿಗೂ ಸಲ್ಲುತ್ತದೆ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿ, ಬೀದಿಯ ಮರಿಯೊಂದನ್ನು ಮನೆಗೆ ತಂದು ಸಾಕಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಅರಿತಿರಬೇಕು.

ನಮ್ಮ ದೇಶದ ಬೀದಿನಾಯಿಗಳಲ್ಲಿ, ಸಮಾಗಮದಿಂದ ಹರಡುವ ಒಂದು ಬಗೆಯ ಅರ್ಬುದವು ಸಾಮಾನ್ಯ. ಜನನಾಂಗದಲ್ಲಿ ಬೆಳೆಯುವ ಈ ಗೆಡ್ಡೆಯಿಂದ ದಿನವೂ ರಕ್ತ ಜಿನುಗುತ್ತದೆ. ಕರಾವಳಿಯ ಬೆಚ್ಚನೆಯ ಹವೆಯಲ್ಲಿ ಹೆಚ್ಚುವ ಉಣ್ಣಿಗಳು ರಕ್ತ ಹೀರುವುದಲ್ಲದೆ ಎರ್ಲಿಕಿಯಾ, ಬಬೇಸಿಯಾ ರೋಗಗಳನ್ನೂ ಅಂಟಿಸುತ್ತವೆ. ಹೀಗೆ ಅರ್ಬುದದೊಡನೆ ರಕ್ತಹೀನತೆಯೂ ಸೇರುತ್ತದೆ. ಆರೋಗ್ಯವಂತ ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು ಶೇಕಡಾ 37ರಿಂದ 55. ಇದು ಇಳಿದಾಗ ಒಸಡು ಬಿಳಿಚಿಕೊಳ್ಳುತ್ತದೆ, ನಾಯಿ ಬೇಗನೆ ದಣಿಯುತ್ತದೆ.

ಈ ಗೆಡ್ಡೆಗೆ ವಾರಕ್ಕೊಮ್ಮೆ ಕೊಡುವ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಬಹುತೇಕ ಗುಣಕಾರಿ. ಆದರೆ ಆ ವಾರಗಳಲ್ಲಿ ಹಸಿವು ಕುಗ್ಗಬಹುದು, ಬಿಳಿ ರಕ್ತಕಣಗಳೂ ಇಳಿಯಬಹುದು. ಆದುದರಿಂದ ಹಸಿ ಮಾಂಸ, ಹಸಿ ಮೊಟ್ಟೆಗಳನ್ನು ಕೊಡಬಾರದು. ಎಲ್ಲವನ್ನೂ ಚೆನ್ನಾಗಿ ಬೇಯಿಸಿಯೇ ಕೊಡಬೇಕು.

ಎಷ್ಟು ಕೊಡಬೇಕು? ನಾಯಿಯ ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದರೆ, ವಿಶ್ರಾಂತಿಯಲ್ಲಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿಗಳ ಅಂದಾಜು ದೊರೆಯುತ್ತದೆ. 10 ಕಿಲೋ ತೂಕದ ನಾಯಿಗೆ ಇದು 370. ಎಲುಬು ತೆಗೆದು ಬೇಯಿಸಿದ 150 ಗ್ರಾಂ ಕೋಳಿಮಾಂಸ ಮತ್ತು 100 ಗ್ರಾಂ ಅನ್ನದಿಂದ ಸರಿಸುಮಾರು ಇಷ್ಟು ದೊರೆಯುತ್ತದೆ. ಹಲವು ದಿನ ಉಪವಾಸವಿದ್ದ ನಾಯಿಗೆ ಮೊದಲ ದಿನ ಇದರ ಮೂರನೆಯ ಒಂದು ಪಾಲು, ಮರುದಿನ ಎರಡು ಪಾಲು, ಮೂರನೆಯ ದಿನ ಪೂರ್ತಿ ಕೊಡುವುದು ಲೇಸು. ದಿನದ ಆಹಾರವನ್ನು ನಾಲ್ಕೈದು ಬಾರಿಗೆ ಹಂಚಿ, ಉಗುರುಬೆಚ್ಚಗೆ ಮಾಡಿ ಇಟ್ಟರೆ ವಾಸನೆಗೆ ಹಸಿವು ಕೆರಳುತ್ತದೆ. ವಿಜಯವಾಡದ ಬೇಸಗೆಯಲ್ಲಿ ಉಳಿದ ಆಹಾರ ಬೇಗ ಹಳಸುವುದರಿಂದ ಅದನ್ನು ತಟ್ಟೆಯಲ್ಲಿ ಬಿಡಬಾರದು. ಈ ಊಟವು ಕೆಲವು ದಿನಗಳಿಗೆ ಮಾತ್ರ. ಇದರಲ್ಲಿ ಸುಣ್ಣಾಂಶವೇ ಮೊದಲಾದವು ಸಾಲವು. ವಾರಗಟ್ಟಲೆ ನಡೆಸಬೇಕಾದರೆ ಪಶುವೈದ್ಯರು ಅದನ್ನು ಪೂರೈಸಿಕೊಡಬೇಕು.

ಸಸ್ಯಾಹಾರಿಗಳ ಮನೆಯಲ್ಲಿ ನಾಯಿಗೆ ಮೊಸರನ್ನವೇ ಪಥ್ಯವೆಂದು ಭಾವಿಸುವುದುಂಟು. ಅನ್ನದಲ್ಲಿ ಶಕ್ತಿಯಿದೆ, ಆದರೆ ರಕ್ತವನ್ನು ಕಟ್ಟುವ ಸಸಾರಜನಕ ಅದರಲ್ಲಿ ಅಲ್ಪ. ಬೇಯಿಸಿದ ಮೊಟ್ಟೆ ಅಥವಾ ಉಪ್ಪಿಲ್ಲದ ಪನೀರನ್ನು ಸೇರಿಸಬಹುದು. ಅದೂ ಒಲ್ಲದಿದ್ದರೆ ಸಿದ್ಧಪಡಿಸಿದ ಸಂಪೂರ್ಣ ಆಹಾರವನ್ನು ವೈದ್ಯರಿಂದ ಕೇಳಿ ಆರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಈರುಳ್ಳಿಯದು. ನಮ್ಮ ಹುಳಿಯಲ್ಲಾಗಲಿ, ಆಂಧ್ರದ ಪುಲುಸಿನಲ್ಲಾಗಲಿ ಬೆಂದ ಈರುಳ್ಳಿಯು ನಾಯಿಯ ಕೆಂಪು ಕಣಗಳನ್ನು ಒಡೆಯುತ್ತದೆ. ಬೇಯಿಸುವುದರಿಂದ ಆ ದೋಷ ಹೋಗದು. ಬೆಳ್ಳುಳ್ಳಿಯಲ್ಲಿಯೂ ಅದೇ ದೋಷವಿದೆ. ಕಿಲೋ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಆರೋಗ್ಯವಂತ ನಾಯಿಯ ರಕ್ತವನ್ನೇ ಕೆಡಿಸಬಲ್ಲುದು; ರಕ್ತ ಕಳೆದುಕೊಂಡಿರುವ ನಾಯಿಗೆ ದಿನವೂ ಹಾಕುವ ಸ್ವಲ್ಪವೂ ಅಪಾಯವೇ. ಪ್ರೀತಿಯಿಂದ ಬಡಿಸಿದ ಸಾರನ್ನವು ಒಂದೆಡೆ ಕಟ್ಟುತ್ತಿರುವ ರಕ್ತವನ್ನು ಇನ್ನೊಂದೆಡೆ ಕೆಡವುತ್ತದೆ. ಮನೆಯ ಅಡಿಗೆಗೆ ಒಗ್ಗರಣೆ ಹಾಕುವ ಮೊದಲೇ ನಾಯಿಯ ಪಾಲನ್ನು ಬೇರೆ ಪಾತ್ರೆಯಲ್ಲಿ ಬೇಯಿಸುವುದೇ ಸುಲಭೋಪಾಯ.

ಕಬ್ಬಿಣಾಂಶದ ಮಾತ್ರೆಯನ್ನು ತಾವಾಗಿಯೇ ಕೊಡಬಾರದು. ರಕ್ತ ಸೋರಿ ಬಂದ ಕೊರತೆಗೆ ಅದು ಉಪಕಾರಿ; ದೀರ್ಘ ರೋಗದಿಂದ ಬಂದ ರಕ್ತಹೀನತೆಯಲ್ಲಿ ಕಬ್ಬಿಣವು ದೇಹದೊಳಗೇ ಬಂಧಿತವಾಗಿರುವುದರಿಂದ ಮಾತ್ರೆ ಫಲಿಸದು, ಹೆಚ್ಚಾದರೆ ವಿಷವೂ ಆಗಬಹುದು. ಯಾವ ಬಗೆಯದೆಂಬುದನ್ನು ರಕ್ತಪರೀಕ್ಷೆಯೇ ಹೇಳಬೇಕು. ವಿಜಯವಾಡದ ಸಮೀಪದ ಗನ್ನವರಂನಲ್ಲಿ ಎನ್.ಟಿ.ಆರ್. ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ನಾಯಿಯು ಎರಡು ದಿನ ಏನನ್ನೂ ಮುಟ್ಟದಿದ್ದರೆ, ಅಥವಾ ಒಸಡು ಬಿಳಿಚಿ ಏದುಸಿರು ಬಿಡುತ್ತಿದ್ದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.