ನೋವು ಹೋಯಿತು ಅಂತ ಅಂಗಳಕ್ಕೆ ಇಳಿಯಬೇಡ

ಆಪರೇಷನ್ ಆಗಿ ಇನ್ನೂ ಎರಡು ವಾರ ತುಂಬಿಲ್ಲ, ಆಗಲೇ ಕಬಡ್ಡಿ ಟೂರ್ನಮೆಂಟ್ ಯಾವತ್ತು ಅಂತ ಗೆಳೆಯರಿಗೆ ಫೋನು. ಅಮ್ಮ ಅಡುಗೆಮನೆ ಕಡೆ ತಿರುಗಿದಳೋ ಇಲ್ಲವೋ, ಊರುಗೋಲನ್ನು ಗೋಡೆಗೆ ಒರಗಿಸಿ ಕುಂಟುತ್ತಾ ಟಿವಿ ರಿಮೋಟ್ ತರೋಕೆ ಹೋಗ್ತೀಯಂತೆ. ವರದಿ ಎಲ್ಲ ನನಗೆ ಬರುತ್ತೆ ಕಣೋ. ಕೂದಲು ಹಣ್ಣಾಗುವ ತನಕ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಹುಡುಗರ ಸುಳ್ಳೂ ಗೊತ್ತು, ಹುಡುಗರ ಮಂಡಿಯೂ ಗೊತ್ತು. ನೀನು ಒಳ್ಳೆಯ ರೈಡರ್, ಅದರಲ್ಲಿ ಅನುಮಾನವಿಲ್ಲ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾಲು ನೀಡಿಕೊಂಡು ಕೂತು ಸ್ವಲ್ಪ ಕೇಳು.

ಗಾಯ ಚಿಕ್ಕದಾಗಿ ಕಾಣುತ್ತಲ್ಲ, ನೀನು ಮೋಸ ಹೋಗಿರೋದೇ ಅಲ್ಲಿ. ಮಂಡಿಚಿಪ್ಪಿನ ಆ ಕಡೆ ಈ ಕಡೆ ಒಂದೊಂದು ತೂತು, ಒಂದೆರಡು ಹೊಲಿಗೆ, ಮೇಲೊಂದು ಪಟ್ಟಿ. ನೋಡೋಕೆ ಬಂದ ನೆಂಟರೆಲ್ಲ "ಅಯ್ಯೋ, ಇಷ್ಟೇನಾ?" ಅಂದು ಕಾಫಿ ಕುಡಿದು ಹೋದರು. ಒಳಗೆ ಆಗಿರೋದು ಬೇರೆ. ತೊಡೆಮೂಳೆಯ ತುದಿಯನ್ನು ಮುಚ್ಚಿರೋ ನುಣುಪಾದ ಕಾರ್ಟಿಲೇಜ್ ಒಂದು ಕಡೆ ಕಿತ್ತು ಬಂದಿತ್ತು. ಡಾಕ್ಟರು ಆ ಜಾಗವನ್ನು ಕೆರೆದು ಶುಚಿ ಮಾಡಿ, ಬರಿದಾದ ಮೂಳೆಯಲ್ಲಿ ಮೂರು ನಾಲ್ಕು ಮಿಲಿಮೀಟರಿಗೊಂದರಂತೆ ಸಣ್ಣ ರಂಧ್ರ ಕೊರೆದಿದ್ದಾರೆ. ಮೈಕ್ರೋಫ್ರಾಕ್ಚರ್ ಅಂತ ಹೆಸರು. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ ಅನ್ನೋ ಡಾಕ್ಟರು 1980ರ ದಶಕದಲ್ಲಿ ಬಳಕೆಗೆ ತಂದ ವಿಧಾನ. ಆ ರಂಧ್ರಗಳಿಂದ ಮಜ್ಜೆಯ ರಕ್ತ ಒಸರಿ ಅಲ್ಲೇ ಹೆಪ್ಪುಗಟ್ಟಬೇಕು. ಆ ಹೆಪ್ಪು ತಿಂಗಳುಗಟ್ಟಲೆ ಕೂತು ಹೊಸ ಪದರವಾಗಬೇಕು. ಆದಮೇಲೂ ಅದು ಹುಟ್ಟಿನಿಂದ ಬಂದ ಪದರದಷ್ಟು ಗಟ್ಟಿಯಲ್ಲ. ಇಂಥದ್ದರ ಮೇಲೆ ನೀನು ಎರಡನೇ ವಾರಕ್ಕೇ ಅರುವತ್ತೆಂಟು ಕಿಲೋ ಇಡೋಕೆ ಹೊರಟಿದ್ದೀಯ.

ಇನ್ನೊಂದು ವಿಷಯ ಯಾರೂ ನಿನಗೆ ಬಿಡಿಸಿ ಹೇಳಿಲ್ಲ ಅನಿಸುತ್ತೆ. ಕಾರ್ಟಿಲೇಜ್‌ಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಹರಿಯದ್ದರಿಂದ ವಾಸಿಯಾಗೋದು ನಿಧಾನ. ನರ ಇಲ್ಲದ್ದರಿಂದ ಅದಕ್ಕೆ ಏನಾದರೂ ನಿನಗೆ ಗೊತ್ತಾಗೋದಿಲ್ಲ. ಹಾನಿಯಾದ ಕಾರ್ಟಿಲೇಜ್ ತಾನಾಗಿ ಸರಿಹೋಗೋದಿಲ್ಲ ಅಂತ ವಿಲಿಯಂ ಹಂಟರ್ ಅನ್ನೋ ವೈದ್ಯ 1743ರಲ್ಲೇ ಲಂಡನ್ನಿನಲ್ಲಿ ಬರೆದಿಟ್ಟಿದ್ದ. ನೀನು ಇಷ್ಟು ದಿನ ಅನುಭವಿಸಿದ ನೋವು ಸುತ್ತಲಿನ ಪೊರೆಯದ್ದು, ಮೂಳೆಯದ್ದು, ಹೊಲಿಗೆ ಹಾಕಿದ ಚರ್ಮದ್ದು. ಅವೆಲ್ಲ ಬೇಗ ಸುಮ್ಮನಾಗ್ತವೆ. ಹೊಸ ಪದರ ಮಾತ್ರ ಆಗಿನ್ನೂ ಎಳೆಯದು. ನೋವಿರೋ ದಿನಗಳಲ್ಲಿ ನಿನ್ನ ಬಗ್ಗೆ ನನಗೆ ಭಯವಿಲ್ಲ, ನೋವೇ ನಿನ್ನನ್ನು ಕಟ್ಟಿಹಾಕುತ್ತೆ. ನೋವು ಬಿಟ್ಟ ದಿನ ನಿನ್ನನ್ನು ಹಿಡಿಯೋರು ಯಾರು?

ನಮ್ಮ ಶಾಲೆಯಲ್ಲೂ ಹೀಗೇ ಒಬ್ಬ ಇದ್ದ, ಜಿಲ್ಲಾ ಮಟ್ಟದ ಆಟಗಾರ. ಆಪರೇಷನ್ ಆಗಿ ಎರಡು ತಿಂಗಳಿಗೆ ನೋವೆಲ್ಲ ಮಾಯವಾಯಿತು ಅಂತ ಗೆಳೆಯರ ಜೊತೆ ಸುಮ್ಮನೆ ಎರಡು ರೈಡ್ ಹೋದ. ಅವತ್ತು ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಮಂಡಿ ಊದಿತ್ತು. ಒಂದು ವಾರ ಸುಮ್ಮನಿದ್ದು ಮತ್ತೆ ಇಳಿದ, ಮತ್ತೆ ಊದಿತು. ಕೊನೆಗೆ ಎರಡನೇ ಸಲ ಆಪರೇಷನ್. ಈಗ ಅವನಿಗೆ ಮೆಟ್ಟಿಲು ಇಳಿಯೋಕೂ ಕಂಬಿ ಬೇಕು.

ಹಳ್ಳಿ ಹುಡುಗನ ಕತೆ ನಂಬೋದಿಲ್ಲ ಅಂದರೆ ಟೆನಿಸ್ ಆಟಗಾರ ರೋಜರ್ ಫೆಡರರ್ ಕತೆ ಕೇಳು. 2016ರ ಜನವರಿಯಲ್ಲಿ ಅವನು ಮಂಡಿ ಕೆಡಿಸಿಕೊಂಡಿದ್ದು ಕೋರ್ಟಿನಲ್ಲಲ್ಲ, ಮಕ್ಕಳ ಸ್ನಾನಕ್ಕೆ ನೀರು ಬಿಡೋವಾಗ. ಫೆಬ್ರವರಿಯಲ್ಲಿ ಮಂಡಿಯೊಳಗಿನ ಮೆನಿಸ್ಕಸ್ ಅನ್ನೋ ಹರಿದ ಮೆತ್ತೆಗೆ ಆಪರೇಷನ್, ಏಪ್ರಿಲ್‌ನಲ್ಲಿ ಮತ್ತೆ ಆಟ. ಹೇಗೋ ವಿಂಬಲ್ಡನ್ ಸೆಮಿಫೈನಲ್ ತನಕ ಬಂದು ಐದು ಸೆಟ್ ಆಡಿ ಸೋತ. ಆಮೇಲೆ ರಿಯೋ ಒಲಿಂಪಿಕ್ಸನ್ನೂ ಬಿಟ್ಟು ಆ ವರ್ಷ ಪೂರ್ತಿ ಆಟದಿಂದ ದೂರ ಉಳಿದ. 2017ರ ಜನವರಿಯಲ್ಲಿ ಬಂದವನು, ವಯಸ್ಸು 35, ನಡಾಲ್‌ನನ್ನು ಸೋಲಿಸಿ ಆಸ್ಟ್ರೇಲಿಯನ್ ಓಪನ್ ಗೆದ್ದ. ಮುಂದೆ ಮತ್ತೆ ಮಂಡಿಗೆ ಕತ್ತರಿ ಬಿತ್ತು, 2022ರಲ್ಲಿ ಆಟ ಬಿಟ್ಟ, ಅದು ಬೇರೆ ಮಾತು. ಆ ಆರು ತಿಂಗಳು ಸುಮ್ಮನಿರದೆ ಹೋಗಿದ್ದರೆ ಆ ಕಪ್ ಅವನ ಮನೆಗೆ ಬರ್ತಿರಲಿಲ್ಲ ಅನ್ನೋದು ನನ್ನ ಲೆಕ್ಕ.

ಹಾಗಂತ ಹಾಸಿಗೆ ಹಿಡಿದು ಬಿದ್ದುಕೋ ಅಂತ ಹೇಳ್ತಿಲ್ಲ. ಸೋಮಾರಿತನಕ್ಕೆ ನಾನು ರಜಾಚೀಟಿ ಬರೆದುಕೊಡೋನಲ್ಲ. ನಮ್ಮ ಕಾಲದಲ್ಲಿ ಮಂಡಿಗೆ ಏನೇ ಆದರೂ ಸಿಮೆಂಟ್ ಪಟ್ಟಿ ಹಾಕಿ ಅಲ್ಲಾಡದ ಹಾಗೆ ಮಾಡೋರು. ಅದು ತಪ್ಪು ಅಂತ ಟೊರಾಂಟೋದ ಡಾ. ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ಮೊಲಗಳ ಮಂಡಿಯ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಮೆಲ್ಲಗೆ ಆಡ್ತಾ ಇದ್ದ ಕೀಲಿನ ಕಾರ್ಟಿಲೇಜ್ ಚೆನ್ನಾಗಿ ಕೂಡಿಕೊಂಡಿತು. ಯಾಕೆ ಅಂದರೆ ಅದಕ್ಕೆ ಊಟ ಬರೋದು ಕೀಲಿನೊಳಗಿನ ದ್ರವದಿಂದ. ಒದ್ದೆ ಬಟ್ಟೆ ಹಿಂಡಿ ಬಿಟ್ಟರೆ ಮತ್ತೆ ನೀರು ಹೀರುತ್ತಲ್ಲ, ಹಾಗೆ ಕೀಲು ಆಡಿದಷ್ಟೂ ಆ ದ್ರವ ಒಳಹೋಗುತ್ತೆ. ಈಗ ನೀನು ಕಾಲು ಆಡಿಸಬೇಕು, ಆದರೆ ಅದರ ಮೇಲೆ ಭಾರ ಬಿಡಬಾರದು. ಬೇಜಾರಿನ ಕೆಲಸವೇ, ಒಪ್ಪಿಕೊಂಡೆ.

ಫಿಸಿಯೋ ಹೇಳಿಕೊಟ್ಟಿದ್ದನ್ನು ಮಾಡೋ ಕ್ರಮ ನೋಡಿದೆ ಮೊನ್ನೆ. ಹತ್ತು ಸಲ ಅಂದರೆ ಆರಕ್ಕೇ ಮುಗಿಸಿ ಮೊಬೈಲು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯ ಸ್ನಾಯು ಬಿಗಿಮಾಡಿ ಟವೆಲನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಬೇಕು. ನೋಡೋಕೆ ಏನೂ ಇಲ್ಲದ ವ್ಯಾಯಾಮ. ಆದರೆ ಆಪರೇಷನ್ ಆದ ಕಾಲಿನ ತೊಡೆ ಎಷ್ಟು ಬೇಗ ಇಳಿದುಹೋಗುತ್ತೆ ಅಂತ ನಿನ್ನ ಪ್ಯಾಂಟೇ ಹೇಳುತ್ತೆ. ಒಂದು ಟೇಪು ತಂದು ಎರಡೂ ತೊಡೆ ಅಳೆದು ಗೋಡೆ ಮೇಲೆ ಬರೆದಿಡು, ತಿಂಗಳಿಗೊಮ್ಮೆ ಅಳೆ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸಿ ಮಂಡಿ ಮಡಿಸೋದು, ಕಾಲು ನೆಟ್ಟಗೆ ಎತ್ತೋದು, ಪಾದವನ್ನು ಮೇಲೆ ಕೆಳಗೆ ಆಡಿಸೋದು, ಇವಕ್ಕೂ ಅಷ್ಟೇ ಮರ್ಯಾದೆ ಕೊಡು.

ನಿಮ್ಮಜ್ಜಿಗೂ ಒಂದು ಮಾತು ಹೇಳಬೇಕು. ಪ್ರೀತಿಯಿಂದ ಮಂಡಿ ಕೆಳಗೆ ಮೆತ್ತನೆ ದಿಂಬು ಇಡ್ತಾಳೆ, ನೀನೂ ಹಾಯಾಗಿ ಮಲಗ್ತೀಯ. ವ್ಯಾಯಾಮದ ಟವೆಲ್ ಬೇರೆ, ರಾತ್ರಿಯೆಲ್ಲ ಇರೋ ದಿಂಬು ಬೇರೆ. ಮಂಡಿ ಸ್ವಲ್ಪ ಮಡಿಸಿದ ಹಾಗೇ ಇದ್ದರೆ ಅಲ್ಲೇ ಹಿಡಿದುಕೊಳ್ಳುತ್ತೆ, ಆಮೇಲೆ ಕಾಲು ಪೂರ್ತಿ ನೆಟ್ಟಗಾಗದೆ ಕುಂಟು ಉಳಿದುಬಿಡಬಹುದು. ದಿಂಬು ಬೇಕಿದ್ದರೆ ಹಿಮ್ಮಡಿ ಕೆಳಗಿಡಲಿ.

ಊರುಗೋಲು ನಿನ್ನ ಮಾನ ಕಳೆಯೋಕೆ ಕೊಟ್ಟಿದ್ದಲ್ಲ. ಭಾರ ಅಂಗೈ ಮೇಲಿರಲಿ, ಕಂಕುಳಿಗೂ ಕೋಲಿಗೂ ನಡುವೆ ಎರಡು ಬೆರಳು ಸಂದು ಇರಲಿ. ಮೆಟ್ಟಿಲು ಹತ್ತೋವಾಗ ಒಳ್ಳೆ ಕಾಲು ಮೊದಲು, ಇಳಿಯೋವಾಗ ಕೋಲಿನ ಜೊತೆ ಪೆಟ್ಟಿನ ಕಾಲು ಮೊದಲು. ಬಚ್ಚಲಲ್ಲಿ ಸೋಪಿನ ನೀರು ನಿಂತಿರಬಾರದು, ಸ್ಟೂಲ್ ಮೇಲೆ ಕೂತೇ ಸ್ನಾನ. ಕುಕ್ಕರಗಾಲಲ್ಲಿ ಕೂರೋ ಕಕ್ಕಸು ಸದ್ಯಕ್ಕೆ ಬೇಡ, ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತೆ. ಊಟಕ್ಕೆ ಚಕ್ಕಳ ಮಕ್ಕಳ ಹಾಕಿ ಕೂರಬೇಡ. ಬೈಕಿನ ಹಿಂದಿನ ಬ್ರೇಕು ಇರೋದು ನಿನ್ನ ಪೆಟ್ಟಾದ ಬಲಗಾಲಲ್ಲೇ, ಅದನ್ನು ಗಟ್ಟಿಯಾಗಿ ಒತ್ತೋಕೆ ಆಗೋ ತನಕ ಬೀಗದ ಕೈ ನಿಮ್ಮಪ್ಪನ ಹತ್ತಿರ ಇರಲಿ.

ಹಿಂದಿನ ಬೀದಿಯ ಹುಡುಗ ಮೂರನೇ ದಿನಕ್ಕೇ ಓಡಾಡಿದ ಅಂತ ಹೇಳಿಕೊಂಡು ಬರಬೇಡ. ಅವನಿಗೆ ಮೆನಿಸ್ಕಸ್‌ನ ಹರಿದ ಚೂರನ್ನು ಕತ್ತರಿಸಿ ತೆಗೆದದ್ದು ಅಷ್ಟೇ. ಅದನ್ನೇ ಹೊಲಿದಿದ್ದರೆ ಅವನೂ ವಾರಗಟ್ಟಲೆ ಕಾಯಬೇಕಿತ್ತು. ನಿನ್ನ ಥರ ಮೂಳೆಯ ಭಾರ ಬೀಳೋ ಜಾಗದಲ್ಲಿ ಕೊರೆದವರಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ನೆಲಕ್ಕೆ ಪಾದ ತಾಗಿಸೋಕೆ ಮಾತ್ರ ಅವಕಾಶ. ಮಂಡಿಚಿಪ್ಪಿನ ಹಿಂದೆ ಕೊರೆದಿದ್ದರೆ ಲೆಕ್ಕವೇ ಬೇರೆ. ಎಲ್ಲರಿಗೂ ಮಂಡಿ ಆಪರೇಷನ್ ಅನ್ನೋ ಒಂದೇ ಹೆಸರು, ಒಳಗಿನ ಕೆಲಸ ಒಬ್ಬೊಬ್ಬರಿಗೆ ಒಂದೊಂದು. ನಿನ್ನ ಡಾಕ್ಟರ ಚೀಟಿಯಲ್ಲಿ ಇರೋದಷ್ಟೇ ನಿನಗೆ.

ಕಾಲು ಸೂಪಿನ ವಿಷಯ. ನಿಮ್ಮ ಚಿಕ್ಕಪ್ಪ ವಾರಕ್ಕೆರಡು ಸಲ ತಂದುಕೊಡ್ತಾನಂತೆ, ಮೇಕೆ ಮಂಡಿ ತಿಂದರೆ ನಿನ್ನ ಮಂಡಿ ಬೆಳೆಯುತ್ತೆ ಅಂತ. ರುಚಿಯಾಗಿರುತ್ತೆ, ಕುಡಿ, ಬೇಡ ಅನ್ನೋನು ನಾನಲ್ಲ. ಆದರೆ ಹೊಟ್ಟೆಗೆ ಮಂಡಿಯ ವಿಳಾಸ ಗೊತ್ತಿಲ್ಲ ಕಣಪ್ಪಾ, ಎಲ್ಲವನ್ನೂ ಅರೆದು ಮೈಗೆಲ್ಲ ಹಂಚುತ್ತೆ. ಹುರುಳಿಕಾಳು, ಮೊಟ್ಟೆ, ಬೇಳೆ, ಮೊಸರು ಹೊಟ್ಟೆ ತುಂಬ ತಿನ್ನು, ಇಳಿದ ತೊಡೆ ತುಂಬೋಕೆ ಅದು ಬೇಕು. ಓಡಾಟವಿಲ್ಲದೆ ಕೂತಾಗ ಚಿಪ್ಸು, ಬೋಂಡ ಮಾತ್ರ ದೂರವಿಡು. ಮೈತೂಕ ಒಂದು ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಕಮ್ಮಿಯಾಗುತ್ತೆ, ಏರಿದರೂ ಅದೇ ಲೆಕ್ಕ. ಇನ್ನು ಟೆರೇಸ್ ಮೇಲೆ ಸೇದೋ ಸಿಗರೇಟು. ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಗಾಯ ಮಾಯೋದನ್ನು ಅದು ತಡ ಮಾಡುತ್ತೆ. ನಿಲ್ಲಿಸು. ಅಮ್ಮನಿಗೆ ನಾನಾಗಿ ಹೇಳೋದಿಲ್ಲ.

ಎಣ್ಣೆ ತಿಕ್ಕಿ ನೀವೋರ ಹತ್ತಿರ ಕಾಲು ಕೊಡಬೇಡ. ಮೀನಖಂಡ ಊದಿ ನೋವು ಬಂದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥದ್ದನ್ನು ತಿಕ್ಕಿದರೆ ಜೀವಕ್ಕೇ ಅಪಾಯ. ಮೀನಖಂಡ ಊದಿದರೆ, ಹೊಲಿಗೆಯಿಂದ ಕೀವು ಬಂದರೆ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಫೋನ್ ಮಾಡು. ಉಸಿರು ಕಟ್ಟಿದ ಹಾಗಾದರೆ ಫೋನಿಗೂ ಕಾಯಬೇಡ, ನೇರ ಎಮರ್ಜೆನ್ಸಿಗೆ.

ಮುಂದೆ ನಡೆದಾಡೋ ಕಾಲ ಬಂದಾಗ ಹೆಚ್ಚಾಯಿತೋ ಕಮ್ಮಿಯಾಯಿತೋ ಅಂತ ಅವತ್ತಿನ ನೋವನ್ನು ಕೇಳಬೇಡ, ಮರುದಿನದ ಊತವನ್ನು ಕೇಳು. ಬೆಳಿಗ್ಗೆ ಎದ್ದು ಎರಡೂ ಮಂಡಿ ಅಕ್ಕಪಕ್ಕ ಇಟ್ಟು ನೋಡು. ಪೆಟ್ಟಿನದು ದಪ್ಪಗಿದ್ದರೆ ನಿನ್ನೆ ಮಾಡಿದ್ದು ಜಾಸ್ತಿ. ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ ಇಟ್ಟು, ಅವತ್ತು ಅರ್ಧ ಮಾಡು. ಕಬಡ್ಡಿಯಂಥ ತಿರುಚಾಟದ ಆಟಕ್ಕೆ ಆರು ತಿಂಗಳ ಮಾತೇ ಕಮ್ಮಿ, ಅದಕ್ಕಿಂತ ಹೆಚ್ಚೂ ಹಿಡಿದೀತು. ಒಂಟಿಗಾಲಲ್ಲಿ ಎಡಗಾಲಿನಷ್ಟೇ ದೂರ ಬಲಗಾಲೂ ನೆಗೆಯುತ್ತಾ, ತೊಡೆಯ ಅಳತೆ ಕೂಡಿಬಂತಾ ಅಂತ ಫಿಸಿಯೋ ಪರೀಕ್ಷೆ ಮಾಡಿ ಬಿಟ್ಟ ಮೇಲೆ ಅಂಗಳ. ಈ ಸಲದ ಟೂರ್ನಮೆಂಟಿಗೆ ನಿನ್ನ ಹೆಸರಿಲ್ಲ ಅಂತ ಕ್ಯಾಪ್ಟನ್‌ಗೆ ಇವತ್ತೇ ಹೇಳಿಬಿಡು. ಮುಂದಿನ ತಪಾಸಣೆಗೆ ನಾನೂ ಜೊತೆಗೆ ಬರ್ತೀನಿ, ಡಾಕ್ಟರ ಮುಂದೆ ನೀನು ಬಿಟ್ಟುಹೇಳೋದನ್ನೆಲ್ಲ ನಾನು ಹೇಳ್ತೀನಿ.