ನಾಯಿಗೆ ಹಸಿಮಾಂಸ ಹಾಕಬಹುದೇ?



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಕೆಲಮಂಗಲದ ಕಡೆಯ ಒಬ್ಬ ರೈತರು ತಮ್ಮ ಮಗನನ್ನು ಕರೆದುಕೊಂಡು ಗುರುಮನೆಗೆ ಬಂದರು. ಮಗ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಆಸೆಪಟ್ಟು ಒಂದು ರಾಜಪಾಳಯಂ ಮರಿ ತಂದಿದ್ದಾನೆ. ಜೊತೆಯ ಕೆಲಸಗಾರರು "ನಾಯಿ ತೋಳದ ಜಾತಿ, ಅದಕ್ಕೆ ಹಸಿಮಾಂಸವೇ ಸರಿಯಾದ ಆಹಾರ" ಎಂದು ಹೇಳಿದ್ದರಿಂದ, ಎರಡು ತಿಂಗಳಿಂದ ಮೂಳೆ ತೆಗೆದ ಹಸಿ ಕೋಳಿಮಾಂಸವನ್ನು ಮಾತ್ರ ಹಾಕುತ್ತಿದ್ದಾನೆ. "ಫಾದರ್, ಮೈಕೂದಲು ಚೆನ್ನಾಗಿ ಮಿಂಚುತ್ತಿದೆ. ಆದರೆ ಮುಂಗಾಲು ಎರಡೂ ಬಾಗಿವೆ. ಓಡಲು ಹೋದರೆ ಕುಂಯ್ ಎನ್ನುತ್ತದೆ," ಎಂದ. ತಂದೆ ಅಷ್ಟರಲ್ಲೇ ಬಾಯಿ ಹಾಕಿ, "ನಮ್ಮ ಕಾಲದಲ್ಲಿ ಮುದ್ದೆ, ಮಜ್ಜಿಗೆ ಹಾಕುತ್ತಿದ್ದೆವು. ಹಬ್ಬಕ್ಕೆ ಕುರಿ ಕೊಯ್ದಾಗ ಕರುಳು, ಕೆಟ್ಟ ಲಿವರು ಎಸೆಯುತ್ತಿದ್ದೆವು. ಯಾವ ನಾಯಿಯ ಕಾಲೂ ಬಾಗಲಿಲ್ಲ ಸ್ವಾಮಿ," ಎಂದರು.

ಮಗ ಒಂದು ತಪ್ಪು ಮಾಡಿದ್ದ, ತಂದೆ ಇನ್ನೊಂದು. ಮಗನ ತಪ್ಪಿನಿಂದ ನಾಯಿಗೆ ಕೇಡು. ತಂದೆಯ ತಪ್ಪಿನಿಂದ ಮನೆಯ ಮಕ್ಕಳಿಗೇ ಕೇಡಾಗಬಹುದು. ಆದ್ದರಿಂದ ಈ ಸಂಚಿಕೆಯಲ್ಲಿ ಎರಡನ್ನೂ ವಿವರವಾಗಿ ನೋಡೋಣ.

1. ನಾಯಿ ತೋಳವೇ?

ನಾಯಿ ತೋಳದ ಕುಲದಿಂದ ಬಂದದ್ದು ನಿಜ. ಆದರೆ ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಬಾಳಿ ಅದರ ಹೊಟ್ಟೆಯೂ ಬದಲಾಗಿದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಇದನ್ನು ತೋರಿಸಿಕೊಟ್ಟರು. ಧಾನ್ಯದ ಹಿಟ್ಟಿನಂಶವನ್ನು ಜೀರ್ಣಿಸುವ ರಸವನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡು ಮಾತ್ರ, ನಾಯಿಯಲ್ಲಿ ಅನೇಕ. ಎಂದರೆ ನಮ್ಮ ಹೊಲ ಕಾಯುವ ನಾಯಿ ಬೆಂದ ಅನ್ನ, ಮುದ್ದೆ ಅರಗಿಸಿಕೊಳ್ಳಬಲ್ಲದು.

ಹಸಿಮಾಂಸದ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ ಅವರ ಪುಸ್ತಕ ಬಂತು. ಅವರೂ ಮೂಳೆಯಿಲ್ಲದ ಬರೀ ಮಾಂಸ ಹಾಕಿ ಎಂದವರಲ್ಲ. ಮೂಳೆಸಹಿತ ಮಾಂಸವೇ ಅವರ ಪದ್ಧತಿಯ ಆಧಾರ. ನಮ್ಮ ಯುವಕನ ಕಿವಿಗೆ ಬಿದ್ದದ್ದು ಅರ್ಧ ಮಾತು ಮಾತ್ರ. ಈ ಆಹಾರದಿಂದ ಕೂದಲು ಮಿಂಚುತ್ತದೆ, ಮಲ ಕಡಿಮೆಯಾಗುತ್ತದೆ ಎನ್ನುವವರ ಮಾತನ್ನು ತಳ್ಳಿಹಾಕಬೇಕಿಲ್ಲ. ಕೊಬ್ಬು, ಮಾಂಸ ಹೆಚ್ಚಿದ್ದರೆ ಹಾಗಾಗುವುದು ಸಹಜ. ಆದರೆ ಅದೇ ಮಾಂಸವನ್ನು ಬೇಯಿಸಿ ಹಾಕಿದರೂ ಈ ಲಾಭ ಬಹುಮಟ್ಟಿಗೆ ಸಿಗುತ್ತದೆ. ಅಮೆರಿಕದ ಪಶುವೈದ್ಯರ ಸಂಘವು 2012ರಲ್ಲಿ ನಾಯಿ ಬೆಕ್ಕುಗಳಿಗೆ ಹಸಿಯಾದ ಅಥವಾ ಅರೆಬೆಂದ ಮಾಂಸ ಹಾಕುವುದು ಬೇಡ ಎಂಬ ನಿಲುವು ತಳೆಯಿತು.

2. ಮರಿಯ ಕಾಲು ಬಾಗಿದ್ದು ಏಕೆ?

ಎಲುಬು ಗಟ್ಟಿಯಾಗಲು ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಮತ್ತು ರಂಜಕ ಎರಡೂ ಬೇಕು. ಬೆಳೆಯುವ ಮರಿಯ ಆಹಾರದಲ್ಲಿ ಸುಣ್ಣದಂಶವು ರಂಜಕಕ್ಕಿಂತ ಸ್ವಲ್ಪವಾದರೂ ಹೆಚ್ಚಿರಬೇಕು. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ ತುಂಬ ಇದೆ, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ರಕ್ತಕ್ಕೆ ಸುಣ್ಣದಂಶ ಬೇಕೇ ಬೇಕು. ಆಹಾರದಿಂದ ಸಿಗದಿದ್ದಾಗ ದೇಹವು ತನ್ನ ಎಲುಬಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಎಲುಬು ಮೆತ್ತಗಾಗಿ, ಮೈಭಾರಕ್ಕೆ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಮಾಂಸ ಬೇಯಿಸಿ ಹಾಕಿದರೂ ಈ ಕೊರತೆ ಇದ್ದೇ ಇರುತ್ತದೆ ಎಂಬುದನ್ನು ಗಮನಿಸಿ. ಆ ಮರಿಯನ್ನು ಪಶುವೈದ್ಯರಿಗೆ ತೋರಿಸಿ, ಆಹಾರ ಬದಲಿಸಿದ ಮೇಲೆ ನೋವು ಕಡಿಮೆಯಾಗಿದೆ. ಕಾಲು ಪೂರ್ತಿ ನೆಟ್ಟಗಾಗುತ್ತದೆಯೇ ಕಾದು ನೋಡಬೇಕು.

ಹಾಗಾದರೆ ಮೂಳೆ ಹಾಕೋಣವೇ? ಬೇಯಿಸಿದ ಕೋಳಿಮೂಳೆ ಸೂಜಿಯಂತೆ ಸೀಳಿ ಗಂಟಲು, ಕರುಳಿಗೆ ಚುಚ್ಚಿಕೊಳ್ಳುತ್ತದೆ. ಅದನ್ನು ಎಂದಿಗೂ ಹಾಕಬಾರದು. ಹಸಿಮೂಳೆಯಿಂದಲೂ ಹಲ್ಲು ಮುರಿಯುವುದು, ಕರುಳು ಕಟ್ಟಿಕೊಳ್ಳುವುದು ಉಂಟು.

3. ಕುರಿ, ನಾಯಿ, ಮಗು: ಒಂದು ಸುತ್ತು

ಈಗ ತಂದೆಯ ತಪ್ಪಿಗೆ ಬರೋಣ. ಇದರಲ್ಲಿ ನನ್ನ ಪಾಲೂ ಇದೆ. ಅನೇಕ ವರ್ಷ ನಮ್ಮ ಗುರುಮನೆಯಲ್ಲಿಯೂ ಧರ್ಮಕೇಂದ್ರದ ಹಬ್ಬಕ್ಕೆ ಕುರಿ ಕೊಯ್ದಾಗ ಬೇಡವಾದ ಭಾಗಗಳನ್ನು ಹಸಿಯಾಗಿಯೇ ನಾಯಿಗಳಿಗೆ ಎಸೆಯುತ್ತಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಕಣ್ಣು ತೆರೆದದ್ದು ನಮ್ಮಲ್ಲಿನ ಒಬ್ಬ ತಾಯಿಗೆ ಕಾಯಿಲೆಯಾದಾಗ. ಬಲಪಕ್ಕೆಯಲ್ಲಿ ಭಾರ, ಆಗಾಗ ನೋವು. ಗ್ಯಾಸ್ ಎಂದು ಎರಡು ವರ್ಷ ಮಾತ್ರೆ ನುಂಗಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ತೆಂಗಿನಕಾಯಿ ಗಾತ್ರದ ನೀರುಚೀಲ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಒಂದು ಜೊತೆ ಹಸು ಮಾರಿದರು. ದೇವರ ದಯೆಯಿಂದ ಆಕೆ ಈಗ ಚೆನ್ನಾಗಿದ್ದಾರೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ನಾಯಿ ಇದೆಯೇ? ಕುರಿ ಇದೆಯೇ?"

ಈ ಕಾಯಿಲೆಯ ಹೆಸರು ಹೈಡಾಟಿಡ್ ರೋಗ. ಕಾರಣ ಎಕಿನೋಕಾಕಸ್ ಎಂಬ ಲಾಡಿಹುಳು. ಅದರ ಬಾಳಿನ ಸುತ್ತು ಹೀಗಿದೆ:

ಮೊದಲನೆಯದಾಗಿ, ಈ ಹುಳು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಉದ್ದ 3ರಿಂದ 6 ಮಿಲಿಮೀಟರ್ ಮಾತ್ರ. ಸಾವಿರಾರು ಹುಳು ಇದ್ದರೂ ನಾಯಿ ಆರೋಗ್ಯವಾಗಿಯೇ ಕಾಣುತ್ತದೆ, ಮಲದಲ್ಲಿ ಹುಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದಾಗಿ, ಹುಳುವಿನ ಮೊಟ್ಟೆ ನಾಯಿಯ ಮಲದೊಂದಿಗೆ ಹೊಲ, ಹುಲ್ಲು, ಸೊಪ್ಪಿನ ಮಡಿ, ನೀರಿಗೆ ಸೇರುತ್ತದೆ, ನಾಯಿಯ ಕೂದಲಿಗೂ ಮೆತ್ತಿಕೊಳ್ಳುತ್ತದೆ. ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ.

ಮೂರನೆಯದಾಗಿ, ಮೇಯುವ ಕುರಿ, ಮೇಕೆ, ದನ ಅದನ್ನು ನುಂಗುತ್ತವೆ. ಅವುಗಳ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಚೀಲ ಬೆಳೆಯುತ್ತದೆ.

ನಾಲ್ಕನೆಯದಾಗಿ, ಆ ಚೀಲವಿರುವ ಭಾಗವನ್ನು ನಾಯಿ ಹಸಿಯಾಗಿ ತಿಂದರೆ, ಸುಮಾರು ಆರೇಳು ವಾರಗಳಲ್ಲಿ ಅದರ ಮಲದಲ್ಲಿ ಮತ್ತೆ ಮೊಟ್ಟೆ.

ಮನುಷ್ಯನು ಈ ಸುತ್ತಿನಲ್ಲಿ ಕುರಿಯ ಜಾಗದಲ್ಲಿ ಸಿಕ್ಕಿಬೀಳುತ್ತಾನೆ. ನಾಯಿಯನ್ನು ತಡವಿ ಕೈ ತೊಳೆಯದೆ ತಿನ್ನುವ ಮಗು, ತೊಳೆಯದ ಸೊಪ್ಪು ತಿನ್ನುವ ದೊಡ್ಡವರು ಮೊಟ್ಟೆ ನುಂಗುತ್ತಾರೆ. ಚೀಲ ನಿಧಾನವಾಗಿ, ವರ್ಷಗಟ್ಟಲೆ ಬೆಳೆಯುತ್ತದೆ. ಹೆಚ್ಚಾಗಿ ಯಕೃತ್ತಿನಲ್ಲಿ, ನಂತರ ಶ್ವಾಸಕೋಶದಲ್ಲಿ, ಅಪರೂಪಕ್ಕೆ ಮಿದುಳಿನಲ್ಲಿ. ಒಳಗೇ ಒಡೆದರೆ ಪ್ರಾಣಾಪಾಯ. ಗಾತ್ರ, ಜಾಗ ನೋಡಿ ವೈದ್ಯರು ಆಲ್ಬೆಂಡಜೋಲ್ ಮಾತ್ರೆ ಅಥವಾ ಶಸ್ತ್ರಚಿಕಿತ್ಸೆ ಹೇಳುತ್ತಾರೆ.

ಆ ತಾಯಿಗೆ ಯಾವ ನಾಯಿಯಿಂದ, ಯಾವ ವರ್ಷ ಬಂತೆಂದು ಯಾರೂ ಹೇಳಲಾರರು. ಆದ್ದರಿಂದ ಯಾರ ಮನೆಯತ್ತಲೂ ಬೆರಳು ತೋರಿಸಬೇಡಿ. ಇನ್ನೊಂದು ಮಾತು: ಈ ರೋಗ ಬೆಂದ ಕುರಿಮಾಂಸ ತಿಂದು ಬರುವುದಲ್ಲ. ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ. ರೋಗಿಯನ್ನು ದೂರವಿಡುವುದು ತಪ್ಪು.

4. ರೈತನಿಗೆ ಇನ್ನೂ ಮೂರು ನಷ್ಟ

*ಸುತ್ತು ಹೊಡೆಯುವ ಕುರಿ.* ಕುರಿಯೊಂದು ತಲೆ ಓರೆ ಮಾಡಿ ಒಂದೇ ಕಡೆಗೆ ಸುತ್ತುವುದನ್ನು ಕುರಿಗಾಹಿಗಳು ಕಂಡಿರುತ್ತಾರೆ. ಅದಕ್ಕೆ ಒಂದು ಕಾರಣ ನಾಯಿಯ ಇನ್ನೊಂದು ಲಾಡಿಹುಳು. ಅದರ ಚೀಲ ಕುರಿಯ ಮಿದುಳಿನಲ್ಲಿ ಕೂರುತ್ತದೆ. ಅಂಥ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಮುಂದಿನ ವರ್ಷ ಮಂದೆಯಲ್ಲಿ ಇನ್ನಷ್ಟು ಕುರಿಗಳು ಸುತ್ತುತ್ತವೆ.

*ಹಸುವಿನ ಗರ್ಭಪಾತ.* ಕರು ಹಾಕಿದಾಗ ಬಿದ್ದ ಮಾಸನ್ನು, ಕಂದು ಹಾಕಿದ ಕರುವನ್ನು ನಾಯಿ ತಿನ್ನಲು ಬಿಡುತ್ತೇವೆ. ನಿಯೋಸ್ಪೊರಾ ಎಂಬ ಸೂಕ್ಷ್ಮಜೀವಿಗೆ 1988ರಲ್ಲಿ ಹೆಸರಿಟ್ಟರು. ಅದರ ಬೀಜಗಳು ನಾಯಿಯ ಮಲದಲ್ಲಿ ಹೊರಬೀಳುತ್ತವೆ ಎಂಬುದು 1998ರಲ್ಲಿ ಸಿದ್ಧವಾಯಿತು. ಆ ಮಲ ಬಿದ್ದ ಮೇವು ತಿಂದ ಹಸು ಕಂದು ಹಾಕಬಹುದು. ಹಾಲಿನ ದುಡ್ಡಿನಿಂದ ನಡೆಯುವ ಮನೆಗೆ ಇದು ಸಣ್ಣ ಮಾತಲ್ಲ.

*ಸತ್ತ ಕೋಳಿ.* ನಮ್ಮ ಸುತ್ತ ಕೋಳಿಫಾರಂಗಳು ಬಹಳ. ಸತ್ತ ಕೋಳಿಯನ್ನು ನಾಯಿಗೆ ಎಸೆಯುವ ಅಭ್ಯಾಸವೂ ಇದೆ. 2004ರಲ್ಲಿ ಥಾಯ್ಲೆಂಡ್‌ನಲ್ಲಿ ಹಕ್ಕಿಜ್ವರ ಬಂದ ಬಾತುಕೋಳಿ ತಿಂದು ಒಂದು ನಾಯಿ ಸತ್ತಿತು. ಅದೇ ವರ್ಷ ಅಲ್ಲಿನ ಒಂದು ಮೃಗಾಲಯದಲ್ಲಿ ಹಸಿ ಕೋಳಿ ತಿಂದ ಹುಲಿಗಳು ಅದೇ ರೋಗಕ್ಕೆ ಬಲಿಯಾದವು. ಸತ್ತ ಕೋಳಿಯನ್ನು ಹೂಳಬೇಕು ಅಥವಾ ಸುಡಬೇಕು. ರೋಗವಿಲ್ಲದ ಅಂಗಡಿ ಕೋಳಿಯ ಹಸಿಮಾಂಸದಲ್ಲೂ ಸಾಲ್ಮೊನೆಲ್ಲ ರೋಗಾಣು ಇರಬಹುದು. ನಾಯಿ ಅದನ್ನು ತಡೆದುಕೊಂಡರೂ ಮನೆಯ ಮಗು, ಮುದುಕರು ತಡೆದುಕೊಳ್ಳಲಾರರು.

5. ಒಂದು ದ್ವೀಪದ ಪಾಠ

ನೀರುಚೀಲವನ್ನು ನಾಯಿಗೆ ತಿನ್ನಿಸಿ ಅದು ಲಾಡಿಹುಳುವಾಗುವುದನ್ನು ಜರ್ಮನ್ ವಿಜ್ಞಾನಿ ಸೀಬೋಲ್ಡ್ ತೋರಿಸಿದ್ದು 1850ರ ದಶಕದಲ್ಲಿ. ಆಗ ಕುರಿ ಸಾಕುವ ಐಸ್‌ಲ್ಯಾಂಡ್ ದ್ವೀಪದಲ್ಲಿ ಈ ರೋಗ ಮನೆಮನೆಯ ಕಷ್ಟವಾಗಿತ್ತು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬವರು 1863ರಲ್ಲಿ ಅಲ್ಲಿಗೆ ಹೋಗಿ 100 ನಾಯಿಗಳನ್ನು ಪರೀಕ್ಷಿಸಿದಾಗ 28ರಲ್ಲಿ ಈ ಹುಳು ಸಿಕ್ಕಿತು. ಮರುವರ್ಷ ರೋಗದ ಸುತ್ತನ್ನು ವಿವರಿಸುವ ಚಿಕ್ಕ ಪುಸ್ತಕ ಅಚ್ಚಾಗಿ ಆ ನಾಡಿನ ಮನೆಗಳಿಗೆ ಹಂಚಲ್ಪಟ್ಟಿತು. 1869ರಲ್ಲಿ ನಾಯಿಗಳ ಬಗ್ಗೆ ಕಾನೂನೂ ಬಂತು. ಜನ ಹಸಿ ಒಳಭಾಗಗಳನ್ನು ನಾಯಿಗೆ ಹಾಕುವುದನ್ನು ಬಿಟ್ಟರು. 20ನೆಯ ಶತಮಾನದಲ್ಲಿ ರೋಗ ಆ ನಾಡನ್ನೇ ಬಿಟ್ಟಿತು. ನ್ಯೂಜಿಲೆಂಡ್ ಕೂಡ ಇದೇ ದಾರಿ ಹಿಡಿದು 2002ರಲ್ಲಿ ರೋಗಮುಕ್ತವೆಂದು ಘೋಷಿಸಿಕೊಂಡಿತು. ದೊಡ್ಡ ಆಸ್ಪತ್ರೆಗಳು ಕಟ್ಟಿ ಸಾಧಿಸಿದ್ದಲ್ಲ ಇದು. ಮನೆಮನೆಯವರು ಒಂದು ಅಭ್ಯಾಸ ಬಿಟ್ಟದ್ದರಿಂದ ಆದದ್ದು.

"ಫಾದರ್, ಮೃಗ ಕಚ್ಚಿ ಕೊಂದ ಪ್ರಾಣಿಯ ಮಾಂಸವನ್ನು ನಾಯಿಗೆ ಹಾಕಿ ಎಂದು ಬೈಬಲ್ಲಿನಲ್ಲೇ ಇದೆಯಲ್ಲ?" ಎಂದು ಒಬ್ಬರು ಕೇಳಿದರು. ಹೌದು, ವಿಮೋಚನಾಕಾಂಡದ 22ನೆಯ ಅಧ್ಯಾಯದಲ್ಲಿದೆ. ಅಲ್ಲಿನ ಉದ್ದೇಶ ಅಂಥ ಮಾಂಸ ಮನುಷ್ಯನ ಬಾಯಿಗೆ ಹೋಗಬಾರದು ಎಂಬುದು. ನಾಯಿಯಿಂದ ಅದೇ ಕೇಡು ಸುತ್ತಿಕೊಂಡು ಮಗುವಿನ ಬಾಯಿಗೆ ಬರುತ್ತದೆಂದು ತಿಳಿದ ಮೇಲೂ ಎಸೆದರೆ, ಅದು ಆ ಮಾತಿನ ಉದ್ದೇಶವನ್ನೇ ಮುರಿದಂತೆ.

6. ಹಾಗಾದರೆ ಏನು ಹಾಕಬೇಕು?

ಬರೀ ಮುದ್ದೆ ಮಜ್ಜಿಗೆಯೂ ಸಾಲದು. ಅದರಲ್ಲಿ ಮಾಂಸಪೋಷಕ ಅಂಶ ಕಡಿಮೆ, ನಾಯಿ ಬಡಕಲಾಗುತ್ತದೆ. ನಮ್ಮ ಗುರುಮನೆಯಲ್ಲಿ ಈಗ ಅನುಸರಿಸುವ ಕ್ರಮ ಇದು:

- ದೊಡ್ಡ ನಾಯಿಗೆ ದಿನಕ್ಕೆ ಅದರ ತೂಕದ ನೂರಕ್ಕೆ 2ರಿಂದ 3 ಪಾಲು ಆಹಾರ. 20 ಕಿಲೋ ನಾಯಿಗೆ ಸುಮಾರು 400ರಿಂದ 600 ಗ್ರಾಂ. ಪಕ್ಕೆಲುಬು ಎದ್ದು ಕಂಡರೆ ಹೆಚ್ಚಿಸಿ, ಕೈಗೆ ಸಿಗದಿದ್ದರೆ ಕಡಿಮೆ ಮಾಡಿ.
- ಎರಡು ಪಾಲು ರಾಗಿಮುದ್ದೆ ಅಥವಾ ಅನ್ನ, ಒಂದು ಪಾಲು ಬೇಯಿಸಿದ ಮಾಂಸ, ಬೋಟಿ ಅಥವಾ ಮೊಟ್ಟೆ. ಮೇಲೆ ಸ್ವಲ್ಪ ಮೊಸರು, ಬೇಯಿಸಿದ ಕುಂಬಳ ಅಥವಾ ಕ್ಯಾರೆಟ್. ಈರುಳ್ಳಿ, ಬೆಳ್ಳುಳ್ಳಿ, ಖಾರ, ಉಪ್ಪು ಬೇಡ.
- ರಾಗಿಯಲ್ಲಿ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವಿದ್ದು, ಅಕ್ಕಿಗಿಂತ ಎಷ್ಟೋ ಪಟ್ಟು ಮೇಲು. ಆದರೂ ಬೆಳೆಯುವ ಮರಿಗೆ ಅಷ್ಟೇ ಸಾಲದು. ತೊಳೆದು ಹುರಿದು ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಸುಣ್ಣದಂಶವಿದೆ. ಮರಿಗೆ ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ಹೆಚ್ಚಾದರೂ ಕೇಡು.
- ಯಾವ ಆಹಾರಕ್ಕೆ ಬದಲಿಸುವುದಾದರೂ 7ರಿಂದ 10 ದಿನ ತೆಗೆದುಕೊಳ್ಳಿ. ಮೊದಲ ಎರಡು ಮೂರು ದಿನ ಕಾಲು ಪಾಲು ಹೊಸದು, ನಂತರ ಅರ್ಧ, ನಂತರ ಮುಕ್ಕಾಲು. ಒಮ್ಮೆಗೇ ಬದಲಿಸಿದರೆ ಭೇದಿ ಖಂಡಿತ.

7. ಹಬ್ಬದ ದಿನ ಮಾಡಬೇಕಾದ್ದು

- ಕುರಿ ಕೊಯ್ಯುವಾಗ ನಾಯಿಗಳನ್ನು ಕಟ್ಟಿಹಾಕಿ.
- ನೀರುಚೀಲ ಕಂಡ ಯಕೃತ್ತು, ಶ್ವಾಸಕೋಶವನ್ನು ಸೀಳಿ ಎಸೆಯಬೇಡಿ. ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಹೂತು ಮೇಲೆ ಕಲ್ಲು ಹೇರಿ, ಇಲ್ಲವೇ ಸುಟ್ಟುಬಿಡಿ.
- ನಾಯಿಗೆ ಹಾಕುವ ಬೋಟಿ, ಲಿವರನ್ನು ಚಿಕ್ಕದಾಗಿ ಹೆಚ್ಚಿ, ನೀರು ಕುದಿ ಬಂದ ಮೇಲೆ 40 ನಿಮಿಷ ಬೇಯಿಸಿ.
- ಮೂರು ತಿಂಗಳಿಗೊಮ್ಮೆ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಹುಳದ ಔಷಧಿ ಕೊಡಿಸಿ. ಎಲ್ಲ ಹುಳದ ಮಾತ್ರೆಗಳೂ ಈ ಹುಳುವನ್ನು ಕೊಲ್ಲುವುದಿಲ್ಲ. ಆದ್ದರಿಂದ ಹೆಸರು ಹೇಳಿ ಕೇಳಿ. ಔಷಧಿ ಹುಳುವನ್ನು ಕೊಂದರೂ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಎರಡು ಮೂರು ದಿನ ನಾಯಿಯನ್ನು ಕಟ್ಟಿ, ಮಲವನ್ನು ಹೂಳಿ. ಅದೇ ಭೇಟಿಯಲ್ಲಿ ಹುಚ್ಚುನಾಯಿ ರೋಗದ ಲಸಿಕೆಯೂ ಆಗಿದೆಯೇ ನೋಡಿ.
- ಮಕ್ಕಳ ಮುಖ ನೆಕ್ಕಲು ನಾಯಿಗೆ ಬಿಡಬೇಡಿ. ಊಟಕ್ಕೆ ಮೊದಲು ಸೋಪಿನಿಂದ ಕೈ, ಹಸಿಯಾಗಿ ತಿನ್ನುವ ಕೊತ್ತಂಬರಿ, ಕ್ಯಾರೆಟ್‌ಗಳನ್ನು ಹರಿಯುವ ನೀರಿನಲ್ಲಿ ತೊಳೆಯಿರಿ.

ನಾಯಿ ನಮ್ಮ ಮನೆಯ ಕಾವಲುಗಾರ. ಅಂಚೆಟ್ಟಿ, ತಳಿ ಕಡೆ ಕಾಡಂಚಿನಲ್ಲಿರುವವರಿಗೆ ಅದರ ಬೆಲೆ ಹೇಳಬೇಕಿಲ್ಲ. ಈ ಲೇಖನ ಓದಿ ಹೆದರಿ ಯಾರೂ ನಾಯಿಯನ್ನು ಬೀದಿಗೆ ಬಿಡಬಾರದು. ಬಿಟ್ಟ ನಾಯಿ ಎಲ್ಲಿಯೋ ಹಸಿ ತಿಂದು, ಎಲ್ಲರ ಹೊಲಕ್ಕೂ ರೋಗ ಹಂಚುತ್ತದೆ. ಅದಕ್ಕೆ ಬೇಕಾದದ್ದು ಬೆಂದ ಊಟ, ವರ್ಷಕ್ಕೆ ನಾಲ್ಕು ಸಲ ಮಾತ್ರೆ, ಕಟ್ಟಲು ಒಂದು ಹಗ್ಗ. ಈ ಸಲದ ಹಬ್ಬಕ್ಕೆ ಗುರುಮನೆಯ ಹಿಂದೆ ಮೊದಲು ಗುಂಡಿ ತೋಡಿಸುತ್ತೇನೆ, ಕುರಿ ಆಮೇಲೆ.

ಮನೆಯವರೆಲ್ಲ ಕುಳಿತು ಮಾತಾಡಲು ಪ್ರಶ್ನೆಗಳು

1. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ಕುರಿ ಕೊಯ್ದಾಗ ಬೇಡವಾದ ಭಾಗಗಳು ಎಲ್ಲಿಗೆ ಹೋಗುತ್ತವೆ?
2. ನಮ್ಮ ನಾಯಿಗೆ ಕೊನೆಯ ಸಲ ಹುಳದ ಔಷಧಿ ಕೊಟ್ಟದ್ದು ಯಾವಾಗ? ಯಾವ ಔಷಧಿ?
3. ಮಾಸು ಬಿದ್ದಾಗ, ಕೋಳಿ ಸತ್ತಾಗ ಹೂಳುವ ಕೆಲಸ ಮನೆಯಲ್ಲಿ ಯಾರದು?
4. ಬೀದಿಯ ನಾಲ್ಕೈದು ಮನೆಯವರು ಸೇರಿ ಒಂದೇ ಗುಂಡಿ ತೋಡಿಕೊಳ್ಳಬಹುದೇ? ಒಂದೇ ದಿನ ಎಲ್ಲ ನಾಯಿಗಳನ್ನೂ ಪಶುವೈದ್ಯರ ಬಳಿಗೆ ಕರೆದೊಯ್ಯಬಹುದೇ?