ಪಕ್ಕದವರು ಜಾಗ ಬಿಟ್ಟಿಲ್ಲ, ನಾವೇಕೆ ಬಿಡಬೇಕು?

ಪ್ರಶ್ನೆ: ನಮ್ಮದು 30×40 ಸೈಟು. ಬರುವ ತಿಂಗಳು ಗುದ್ದಲಿ ಪೂಜೆ. ಪಕ್ಕದ ಮನೆಯ ಗೋಡೆ ಗಡಿಗೇ ಅಂಟಿದೆ, ಕಿಟಕಿಗಳು ನಮ್ಮ ಸೈಟಿನ ಕಡೆಗೇ ತೆರೆದುಕೊಳ್ಳುತ್ತವೆ. ‘ಮೂರಡಿ ಬಿಟ್ಟರೆ ಒಂದು ರೂಮೇ ಹೋಗುತ್ತೆ. ಈಗ ಕಟ್ಟಿಬಿಡಿ, ಆಮೇಲೆ ಸಕ್ರಮ ಆಗುತ್ತೆ’ ಅಂತಾರೆ ಮೇಸ್ತ್ರಿ. ನಮ್ಮ ಯಜಮಾನರೂ ಹೂಂ ಅಂದಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.
– ಗೃಹಿಣಿ, ಬೆಂಗಳೂರು

ಉತ್ತರ: ರೂಮಿನ ಲೆಕ್ಕದಲ್ಲಿ ಮೇಸ್ತ್ರಿ ತಪ್ಪಿಲ್ಲ ತಾಯಿ. 40 ಅಡಿ ಉದ್ದಕ್ಕೆ ಮೂರಡಿ ಬಿಟ್ಟರೆ 120 ಚದರಡಿ ಹೋಗುತ್ತದೆ. ತಪ್ಪಿರುವುದು ಸಕ್ರಮದ ಮಾತಿನಲ್ಲಿ. ಅಕ್ರಮ-ಸಕ್ರಮ ಯೋಜನೆ ಇದ್ದದ್ದೇ 2013ರ ಅಕ್ಟೋಬರ್ 19ಕ್ಕೆ ಮೊದಲು ಎದ್ದ ಕಟ್ಟಡಗಳಿಗೆ. ಅದಕ್ಕೂ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಪಾಯವನ್ನೇ ತೋಡದ ನಿಮ್ಮ ಮನೆಗೆ ಅದು ಒದಗುವುದಿಲ್ಲ.

ಪಕ್ಕದವರ ತಪ್ಪು ನಿಮಗೆ ಪರವಾನಗಿಯಲ್ಲ. ನೀವು ಗಡಿಗೆ ಗೋಡೆ ಎಬ್ಬಿಸಿದರೆ ಪಾಲಿಕೆಗೆ ಮೊದಲ ದೂರು ಹೋಗುವುದು ಅವರಿಂದಲೇ. ಮುಚ್ಚಿಹೋಗುವುದು ಅವರ ಕಿಟಕಿ ತಾನೇ! ಆ ಮನೆ ಎಷ್ಟು ಹಳೆಯದೆಂದೂ ವಿಚಾರಿಸಿ. 20 ವರ್ಷ ಅಡ್ಡಿಯಿಲ್ಲದೆ ಗಾಳಿ-ಬೆಳಕು ಪಡೆದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಡಿ ಅವರು ಹಕ್ಕು ಕೇಳಬಹುದು. ಅವರ ಸಜ್ಜ ನಿಮ್ಮ ಸೈಟಿನ ಮೇಲೆ ಚಾಚಿದ್ದರೆ ಈಗಲೇ ಪತ್ರ ಬರೆದು ತಿಳಿಸಿ.

ಎರಡು ಗೋಡೆ ಅಂಟಿಕೊಂಡರೆ ನಡುವೆ ಗಾರೆಯವನ ಕೈ ಹೋಗುವುದಿಲ್ಲ. ಪ್ಲಾಸ್ಟರ್ ಇಲ್ಲದ ಆ ಮುಖಕ್ಕೆ ಮಳೆನೀರು ಇಳಿದು, ಒಳಗೆ ವಾರ್ಡ್‌ರೋಬ್ ಹಿಂದೆ ಬೂಷ್ಟು ಹಿಡಿಯುತ್ತದೆ. ಉಳಿಸಿಕೊಂಡ ರೂಮಿನ ಗತಿ ಅದು.

ನಿಮಗೆಷ್ಟು ಸೆಟ್‌ಬ್ಯಾಕ್ ಎಂಬುದು ಸೈಟಿನ ಅಳತೆ, ಕಟ್ಟಡದ ಎತ್ತರದ ಮೇಲೆ ನಿಲ್ಲುತ್ತದೆ. ಅದನ್ನು ಮೇಸ್ತ್ರಿಯನ್ನಲ್ಲ, ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರನ್ನು ಕೇಳಿ. ನಕ್ಷೆ ಮಂಜೂರಾತಿಗೆ ಪಾಲಿಕೆಯ ‘ನಂಬಿಕೆ ನಕ್ಷೆ’ ಯೋಜನೆಯಡಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವವರೂ ಅವರೇ. ಬ್ಯಾಂಕ್ ಸಾಲಕ್ಕೂ ಮಂಜೂರಾದ ನಕ್ಷೆ ಬೇಕೆಂಬುದನ್ನು ಯಜಮಾನರಿಗೆ ನೆನಪಿಸಿ. ಸ್ವಾಧೀನಾನುಭವ ಪತ್ರವಿಲ್ಲದೆ ಕರೆಂಟು, ನೀರು ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚಿಕ್ಕ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿರುವುದು ಆ ಪತ್ರದಿಂದ, ನಕ್ಷೆಯಿಂದಲ್ಲ.

ಅಳತೆಯನ್ನು ಹಳೆ ಕಾಂಪೌಂಡಿನಿಂದ ಶುರು ಮಾಡಬೇಡಿ. ಕ್ರಯಪತ್ರದ ಚಕ್ಕುಬಂದಿಯನ್ನೂ ಬಡಾವಣೆಯ ನಕ್ಷೆಯನ್ನೂ ಎದುರಿಗಿಟ್ಟುಕೊಂಡು ಸರ್ವೆಯರ್‌ನಿಂದ ನಾಲ್ಕು ಮೂಲೆಗೂ ಗುರುತು ಹಾಕಿಸಿ. ಪಿಲ್ಲರ್‌ಗೆ ಮಾರ್ಕ್ ಮಾಡುವ ದಿನ ನೀವೂ ಅಲ್ಲಿರಿ. ಮೇಸ್ತ್ರಿ ದಾರ ಕಟ್ಟುವುದು ಪಿಲ್ಲರಿನ ನಡುಮಧ್ಯಕ್ಕೆ. ಗಡಿಯಿಂದ ಮೂರಡಿಗೆ ದಾರ ಕಟ್ಟಿದರೆ, ಒಂಬತ್ತು ಇಂಚಿನ ಪಿಲ್ಲರಿನ ಅರ್ಧವೂ ಪ್ಲಾಸ್ಟರೂ ಸೇರಿ ಕೊನೆಗೆ ಉಳಿಯುವುದು ಸುಮಾರು ಎರಡಡಿ ಏಳಿಂಚು. ಆ ಐದಿಂಚಿನ ಮಾತನ್ನು ಕಂಬಿ ಕಟ್ಟುವ ಮೊದಲೇ ಎತ್ತಿ.